ತುಳಸಾ ಎಣಿಸಿದ ಕೊಡಗಳು

ಮುಂಡರಗಿ
೨೯ ಆಗಸ್ಟ್ ೧೯೪೮

ಕೂಡಿದ ಮಹಾಜನರೇ! ಕಟ್ಟೆ ಹತ್ತಿ ಕುಳಿತ ಹಿರಿಯರೇ, ಬಾಗಿಲ ಮರೆಯ ಅವ್ವಂದಿರೇ! ನನ್ನ ಪತ್ರ ಬಂದರೆ ಊರಿಗೆ ನಾಟಕ ಬಂದಂತೆ ಎಂದು ನೀವೆಲ್ಲ ಸೇರಿರುತ್ತೀರಿ, ಬಲ್ಲೆ. ಶರಣು. ಆದರೆ ಇವತ್ತು ಪರದೆ ಏಳುವುದಿಲ್ಲ. ಎದ್ದು ಮನೆಗೆ ಹೋಗಿರಿ.

ಎಲ್ಲರೂ ಹೋದರೋ? ಗುರುರಾಜ, ಬಾಗಿಲು ಹಾಕಿಕೊಂಡು ಒಬ್ಬನೇ ಓದು.

ಚಿರಂಜೀವಿ ತಮ್ಮನಿಗೆ ಅಣ್ಣ ನರಸಿಂಹನ ಆಶೀರ್ವಾದ. ತಡವಾಯಿತು, ಕ್ಷಮಿಸು. ಹೊಳೆ ತುಂಬಿದೆ, ಹರಿಗೋಲಿನ ತಿರಕಪ್ಪ ಎರಡು ವಾರ ನಿಮ್ಮ ದಡ ಮುಟ್ಟಿರಲಿಲ್ಲ. ನಿಜಾಮನ ಸೀಮೆಯಲ್ಲಿ ಗಲಭೆ ಹೆಚ್ಚಿತೆಂದು ಮಗಳನ್ನು ನಮ್ಮಲ್ಲಿಗೆ ಕಳಿಸಿದೆಯಲ್ಲ, ತುಳಸಾ ಕ್ಷೇಮ. ಕಳೆದ ತಿಂಗಳು ದೊಡ್ಡವಳಾದಳು. ನಮ್ಮಾಕೆ, ನಿನ್ನ ವೈನಿ ಸುಂದರಾಬಾಯಿ, ಆರತಿ ಮಾಡಿ ಸೀರೆ ಉಡಿಸಿದಳು. ಹುಡುಗಿ ಕನ್ನಡಿಯ ಮುಂದೆ ನಿಂತು, "ಕೈಸೀ ಲಗ್ತೀ ಹೂಂ?" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಹ್ಯಾಂಗ ಕಾಣಸ್ತೀನಿ, ದೊಡ್ಡಪ್ಪ?" ಕನ್ನಡಿಗೊಂದು ಭಾಷೆ, ನಮಗೊಂದು ಭಾಷೆ! ನೀನು ಕಲಿಸುವ ಉರ್ದು ಶಾಲೆಯಲ್ಲಿ ಏಳು ವರ್ಷ ಕೂತವಳು, ಅದು ಎಲ್ಲಿ ಹೋದೀತು?

ಕೆಟ್ಟದ್ದು ಶುರುವಾದದ್ದು ಬಾವಿಕಟ್ಟೆಯಲ್ಲಿ. ನೀರು ಸೇದುತ್ತ "ಏಕ್, ದೋ, ತೀನ್" ಎಂದು ಕೊಡ ಎಣಿಸಿದಳು. ಓಣಿಯ ಹುಚ್ಚವ್ವ, "ಯವ್ವಾ, ನಮ್ಮ ಬಾವಿ ನೀರಿಗೂ ನಿಜಾಮನ ಲೆಕ್ಕ ಹಾಕ್ತೀಯೇನ?" ಅಂದಳು. ಎಲ್ಲರೂ ನಕ್ಕರು. ತುಳಸಾನೂ ನಕ್ಕಳು. ಆಗ ಅದು ಬರೀ ನಗೆ.

ಯಾವನೋ ಬಾಯಿಬಡಕ ಆ ಎಣಿಕೆಯನ್ನು ಚಹಾದಂಗಡಿಯಲ್ಲಿ ನಟಿಸಿ ತೋರಿಸಿದ. ಮಾತು ಅಲ್ಲಿಂದ ಓಡಿತು, ಓಡುತ್ತ ಓಡುತ್ತ ವೇಷ ಬದಲಿಸಿತು. ಎದುರುಮನೆಯ ಸಕ್ರಪ್ಪ, ನನ್ನ ನಾಟಕ ಒಂದನ್ನೂ ಬಿಡದವನು, ಗುರುವಾರ ನನ್ನನ್ನು ತಡೆದು ನಿಲ್ಲಿಸಿದ.

"ಮಾಸ್ತರ, ನಿಮ್ಮ ಮನ್ಯಾಗಿನ ಹೊಳಿಯಾಚಿ ಹುಡುಗಿ ಎಣಸ್ತಾಳಂತಲ್ಲ. ಏನ ಎಣಸ್ತಾಳ? ನಮ್ಮ ಮನಿ ಎಷ್ಟ ಅದಾವಂತ ಎಣಿಸಿ ಆಚಿಗೆ ಖಬರ ಕಳಸ್ತಾಳೇನ?"

"ಲೇ ಸಕ್ರ, ಕೊಡ ಎಣಸ್ತಾಳೋ, ಕೊಡ!" ಎಂದು ಗರ್ಜಿಸಿದೆ.

ಅವನು ನಗಲಿಲ್ಲ.

ಶುಕ್ರವಾರ ಮುಂಜಾನೆ ನಮ್ಮ ಬಾಗಿಲ ಮೇಲೆ ಇದ್ದಲಿನ ಒಂದು ಗೆರೆ. ಸುಂದರಾಬಾಯಿ ತಿಕ್ಕಿ ತೊಳೆದಳು. ನಿನ್ನೆ ಎರಡು. ಇವತ್ತು ಮೂರು. ಈಗ ಯಾರೋ ನಮ್ಮನ್ನು ಎಣಿಸುತ್ತಿದ್ದಾರೆ, ತಮ್ಮ.

ತುಳಸಾ ಬಾವಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ದೇವರ ಹೂಬತ್ತಿ ಹೊಸೆಯುತ್ತ ತುಟಿ ಬಿಗಿಹಿಡಿದು ಕೂತಿರುತ್ತಾಳೆ. ಒಮ್ಮೊಮ್ಮೆ ಪಿಸುದನಿಯಲ್ಲಿ ಬತ್ತಿಗಳನ್ನು ಕನ್ನಡದಲ್ಲಿ ಎಣಿಸಲು ಹೋಗಿ ಇಪ್ಪತ್ತೊಂಬತ್ತಕ್ಕೆ ತಪ್ಪಿ ಮತ್ತೆ ಒಂದಕ್ಕೆ ಬರುತ್ತಾಳೆ. ಇವತ್ತು ಕೇಳಿದಳು: "ದೊಡ್ಡಪ್ಪ, ಮನಸಿನ್ಯಾಗ ಎಣಿಸಿದ್ರೂ ಹೊರಗ ಕೇಳಸ್ತದೇನು?"

ಸಾವಿರ ಜನರ ಮುಂದೆ ಮಾತು ಮರೆಯದ ನಾನು ಅವಳ ಪಕ್ಕ ಕೂತು ಬತ್ತಿ ಹೊಸೆಯತೊಡಗಿದೆ.

ನಾಳೆ ಮೊದಲ ಬಸ್ಸಿಗೆ ಅವಳನ್ನೂ ನಿನ್ನ ವೈನಿಯನ್ನೂ ಬೆಟಗೇರಿಗೆ, ಅಕ್ಕ ಸರಸ್ವತಿಬಾಯಿಯ ಮನೆಗೆ ಕಳಿಸುತ್ತೇನೆ. ಹೊಳೆ ಇಳಿಯುವತನಕ ನೀನು ದಾಟುವ ಸಾಹಸ ಮಾಡಬೇಡ. ರಾಯರು ನಿನ್ನನ್ನು ಕಾಯಲಿ.

ಇತಿ ನಿನ್ನ ಅಣ್ಣ,
ನರಸಿಂಹ

ತಾ.ಕ.: ಆ ಬಾಯಿಬಡಕ ನಾನೇ, ಗುರು. ಹೆಗಲ ಪಂಚೆಯನ್ನು ಸೆರಗಿನಂತೆ ಹೊದ್ದು, ಅವಳ ದನಿ ತೆಗೆದು, ಬೆಂಚಿನ ಮೇಲೆ ನಿಂತು ಎಣಿಸಿದೆ. ಜನ "ಒನ್ಸ್ ಮೋರ್" ಅಂದರು. ಮತ್ತೆ ಎಣಿಸಿದೆ. ತುಳಸಾಗೆ ಇನ್ನೂ ಹೇಳಿಲ್ಲ. ನಾಳೆ ಬಾಗಿಲಿಗೆ ನಾಲ್ಕನೆಯ ಗೆರೆ ಬಿದ್ದಿರುತ್ತದೆ. ಬೀಳಲಿ. ಮುಂಜಾನೆ, ಬಸ್ಸು ಕಣ್ಮರೆಯಾದ ಮೇಲೆ, ಅದೇ ಬೆಂಚು ಹತ್ತುತ್ತೇನೆ. ಸಕ್ರಪ್ಪನ ಕಣ್ಣಲ್ಲಿ ಕಣ್ಣಿಟ್ಟು, ನನ್ನ ಸ್ವಂತ ದನಿಯಲ್ಲಿ, ಏಕ್ ಎಂದು ಶುರುಮಾಡಿ ನೂರರತನಕ ಎಣಿಸುತ್ತೇನೆ.