ದಯವಿಟ್ಟು ಕಾಯಿರಿ

ಆಗಸ್ಟ್ ೧, ಶುಕ್ರವಾರ

ಅಂಗಡಿ ಬಾಗಿಲು ತೆಗೆದೆ. ತಿಂಗಳ ಮೊದಲ ಶುಕ್ರವಾರ, ಅದೂ ಭೂಮಿತಾಯಿಯ ತಿಂಗಳು. ಮೂರು ಕಂಪ್ಯೂಟರಿಗೂ ಪ್ರಿಂಟರಿಗೂ ಸಾರಾಯಿ ಚಿಮುಕಿಸಿ ಪೂಜೆ ಮಾಡಿದೆ. ಉಳಿದದ್ದು ನನಗೆ. ಆದರೂ ಮೂರನೇ ಮಷೀನು ಕೆಮ್ಮುತ್ತಲೇ ಇದೆ.

ಎದುರಿನ ಫುಟ್‌ಪಾತಿನಲ್ಲಿ ದೋನ್ಯಾ ಬೆನಿತಾ ಆಪಿ ಕುದಿಸುತ್ತಿದ್ದರು. ನೇರಳೆ ಜೋಳದ ಗಂಜಿ, ಚಕ್ಕೆ ಲವಂಗ ಹಾಕಿದ್ದು. ಈ ಎತ್ತರದ ಚಳಿಯಲ್ಲಿ ನಮ್ಮ ಎಲ್ ಆಲ್ತೊ ಊರು ಹಾಸಿಗೆ ಬಿಟ್ಟು ಏಳುವುದೇ ಅದಕ್ಕಾಗಿ.

"ಮಷೀನಿಗೆ ಕುಡಿಸ್ಬೇಡಿ ದೋನ್ ಸೆವೆರೊ. ನಿಮ್ ಥರಾನೇ ಆಗ್ಬಿಡುತ್ತೆ, ಬಿಸಿಲು ನೆತ್ತಿಗೆ ಬಂದ್ರೂ ಏಳಲ್ಲ."

"ಏಳುತ್ತೆ. ಒಂದು ಗ್ಲಾಸು ಅದಕ್ಕೂ ಕೊಡಿ."

ನಗಲಿಲ್ಲ. ಕಂಬದ ಮೇಲಿನ ನೋಟೀಸು ತೋರಿಸಿದರು. ಬೀದಿಯ ಅಂಗಡಿಗಳೆಲ್ಲ ಹೊಸ ಮಾರ್ಕೆಟ್ಟಿನೊಳಗೆ ಹೋಗಬೇಕಂತೆ. ಅರ್ಜಿ ಇಂಟರ್ನೆಟ್ಟಿನಲ್ಲಿ ಮಾತ್ರ. ಹದಿನೈದರೊಳಗೆ ಪ್ರಿಂಟ್ ತೆಗೆದು, ನಗರಸಭೆ ಕಿಟಕಿಯಲ್ಲಿ ಸೀಲು ಹಾಕಿಸಬೇಕು. ಸೀಲಿಲ್ಲದವರಿಗೆ ಜಾಗವಿಲ್ಲ, ಬೀದಿಯೂ ಇಲ್ಲ. ಬೆನಿತಾರ ತಾಯಿ ಕೂತು ಮಾರಿದ ಜಾಗ ಅದು. ಬೇರೆ ಕಸುಬು ಗೊತ್ತಿಲ್ಲ ಅವರಿಗೆ.

"ಅಷ್ಟೇನಾ? ಸೋಮವಾರ ಬನ್ನಿ, ಎರಡು ನಿಮಿಷದ ಕೆಲಸ" ಅಂದೆ. ನನ್ನ ಬಾಯಿಗಿಷ್ಟು…

ಆಗಸ್ಟ್ ೪, ಸೋಮವಾರ

ಬೆನಿತಾರ ಗುರುತಿನ ಚೀಟಿ ನಂಬರು ಹೊಡೆದೆ. ಅರ್ಜಿ ತೆರೆಯಿತು. ಅರ್ಜಿಯೇನು ಮಣ್ಣು — ಬಿಳಿ ಹಾಳೆ, ಮೇಲೊಂದು ಸಾಲು: "ದಯವಿಟ್ಟು ಕಾಯಿರಿ." ಕೆಳಗೆ ಇರುವೆ ಸಾಲಿನ ಹಾಗೆ ಇಂಗ್ಲಿಷು.

ಬೆನಿತಾ ಟೋಪಿ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಕಾದರು.

"ಅದು ಬರಲ್ಲ ದೋನ್ಯಾ. ಏನೋ ಕೆಟ್ಟಿದೆ."

"ಕಾಯಿ ಅಂತ ಬರ್ದಿದೆಯಲ್ಲ. ನಗರಸಭೆಯವ್ರು ದಯವಿಟ್ಟು ಅಂತ ಯಾವತ್ತಾದ್ರೂ ಅಂದಿದ್ದಾರಾ? ಮರ್ಯಾದೆ ಕೊಟ್ಟು ಕೇಳ್ತಿದ್ದಾರೆ, ಕಾಯೋಣ."

ಮಧ್ಯಾಹ್ನದ ಹೊತ್ತಿಗೆ ಅವರ ಹಿಂದೆ ಕ್ಯೂ. ಉಣ್ಣೆ ಮಾರುವವಳು, ಕುರಿತಲೆ ಸೂಪಿನವಳು, ಎಲ್ಲರೂ. ಊಟಕ್ಕೆ ಹೋಗುವವರು ಗಂಟು ಇಟ್ಟು ಜಾಗ ಹಿಡಿದರು. ಒಬ್ಬಳು ಕಲ್ಲಿಟ್ಟಳು. ನನ್ನ ಅಂಗಡಿಯಲ್ಲಿ ಒಂದು ಬಿಳಿ ಹಾಳೆಯ ಮುಂದೆ ಕಲ್ಲುಗಳು ಕ್ಯೂ ನಿಂತಿವೆ. ಥೂ.

ಆಗಸ್ಟ್ ೫, ಮಂಗಳವಾರ

ರಿಫ್ರೆಶ್ ಮಾಡಿದೆ. ಬ್ರೌಸರಿನ ಹಳೇ ಕಸವೆಲ್ಲ ಅಳಿಸಿದೆ. ಬೇರೆ ಬ್ರೌಸರು ಹಾಕಿದೆ. ಬೇರೆ ಮಷೀನು, ನನ್ನ ಮೊಬೈಲು… ಎಲ್ಲದರಲ್ಲೂ ಅದೇ ಸಾಲು. ರಾತ್ರಿ ಕಣ್ಣು ಮುಚ್ಚಿದರೂ ಅದೇ.

ನಗರಸಭೆ ಕಿಟಕಿಗೆ ಹೋದೆ. ಒಳಗೆ ಲಿಸೆನ್ಸಿಯಾದೊ ಉರ್ಕಿಯೆತಾ. ಹೆಸರಿನ ಮುಂದೆ ಲಿಸೆನ್ಸಿಯಾದೊ, ಅಂದರೆ ಪದವೀಧರ, ಅನ್ನದಿದ್ದರೆ ಮಾತೇ ಆಡುವುದಿಲ್ಲ.

"ನನ್ ಕಂಪ್ಯೂಟರಲ್ಲಿ ಚೆನ್ನಾಗೇ ಕಾಣ್ಸುತ್ತೆ. ನಿಮ್ ಡಬ್ಬ ಹಾಳಾಗಿದೆ."

"ಹಾಗಾದ್ರೆ ನಿಮ್ಮಲ್ಲೇ ಒಂದು ಪ್ರಿಂಟ್ ತೆಗ್ದುಕೊಡಿ ಲಿಸೆನ್ಸಿಯಾದೊ."

"ಪ್ರಿಂಟ್ ತೆಗ್ಯೋಕೆ ನಾನೇನು ಜೆರಾಕ್ಸ್ ಅಂಗಡಿಯವನಾ?"

ಉಗುರು ಕತ್ತರಿಸುತ್ತಿದ್ದ. ಚೂರೊಂದು ಸಿಡಿದು ನನ್ನ ಕೋಟಿನ ಮೇಲೆ ಬಿತ್ತು. ಹೇಸಿಗೆ.

ಆಗಸ್ಟ್ ೮, ಶುಕ್ರವಾರ

ರಾಷ್ಟ್ರೀಯ ಹಬ್ಬ ಮುಗಿಯಿತು. ಬೀದಿಯೆಲ್ಲ ಪೇಪರ್ ಬಾವುಟ, ವಾಂತಿ.

ತಮಾಷೆ ಮಾಡೋಣ ಅನ್ನಿಸಿತು. "ದಯವಿಟ್ಟು ಕಾಯಿರಿ" ಹಾಳೆಯನ್ನೇ ಪ್ರಿಂಟ್ ತೆಗೆದು ಕಿಟಕಿಯಲ್ಲಿ ತಳ್ಳಿದೆ. ಮುಖ ಹೇಗಾಗುತ್ತೆ ನೋಡೋಣ ಅಂತ.

"ಕಸುಬು?" ಅಂದ, ತಲೆ ಎತ್ತದೆ.

"ಆಪಿ" ಅಂದೆ. ನಗು ತಡೆದುಕೊಂಡು.

ನನ್ನ ಹೆಸರು, ಗುರುತಿನ ಚೀಟಿ ನಂಬರು ಕೇಳಿ ಒಂದು ಚೀಟಿಯಲ್ಲಿ ಬರೆದು ಹಾಳೆಗೆ ಪಿನ್ ಮಾಡಿದ. ಹಾಳೆಗೊಂದು, ರಸೀದಿಗೊಂದು ಧಡ್ ಅಂತ ಸೀಲು ಹೊಡೆದ, ಹಾಳೆ ಇಟ್ಟುಕೊಂಡು ರಸೀದಿ ತಳ್ಳಿದ. "ನೆಕ್ಸ್ಟ್."

ನಾನೇ ಮುಖ ಬಾಡಿಸಿಕೊಂಡು ಹೊರಗೆ ಬಂದೆ. ಓದಲೇ ಇಲ್ಲ ಆಸಾಮಿ. ಒಂದು ಸಾಲು ಇರುವುದನ್ನೂ ಓದಲಿಲ್ಲ!

ಆಗಸ್ಟ್ ೧೧, ಸೋಮವಾರ

ಬಾಯಿ ಮುಚ್ಚಿಕೊಂಡಿರಬೇಕಿತ್ತು. ಬೀದಿ ಸಂಘದ ಮುಖಂಡೆ ದೋನ್ಯಾ ಅಸುಂತಾಗೆ ಜೋಕು ಹೇಳಿದೆ. ಅವಳು ನಗಲಿಲ್ಲ. ಸೀಲು ತೋರಿಸು ಅಂದಳು. ಬೆರಳಿನಿಂದ ಸವರಿ ನೋಡಿದಳು.

"ಅಸಲಿ ಸೀಲು. ನಮ್ಗೆಲ್ಲಾ ಒಂದೊಂದು ತೆಗಿ."

"ಅದು ಅರ್ಜಿಯಲ್ಲ ತಾಯಿ! ಕಾಯಿ ಅಂತ ಬರ್ದಿರೋ ಖಾಲಿ ಹಾಳೆ!"

"ಹಾಳೇಲಿ ಏನಿದ್ರೆ ನಂಗೇನು? ಮೂವತ್ತು ವರ್ಷದಿಂದ ಈ ನಗರಸಭೆ ನೋಡಿದ್ದೀನಿ. ಸೀಲು ಅಂದ್ರೆ ಸೀಲು. ಬಾಯಿ ಮುಚ್ಕೊಂಡು ಪ್ರಿಂಟ್ ತೆಗಿ."

ಸಂಜೆವರೆಗೂ ತೆಗೆದೆ. ಇಡೀ ಬೀದಿ ಹೋಗಿ ಸೀಲು ಹಾಕಿಸಿಕೊಂಡು ಬಂತು. ಉರ್ಕಿಯೆತಾ ಒಂದನ್ನೂ ಓದಲಿಲ್ಲ.

ಬೆನಿತಾ ಒಬ್ಬರೇ ಬರಲಿಲ್ಲ. "ಕಾಯಿ ಅಂತ ಹೇಳೋ ಕಾಗದಾನೇ ತಗೊಂಡೋಗಿ ಕೊಟ್ರೆ ನಾನು ಕಾದ ಹಾಗೆ ಹೇಗಾಗುತ್ತೆ? ನನ್ ಹೆಸ್ರಿರೋದು ಬರ್ಲಿ." ಕುರ್ಚಿ ಮೇಲೆ ಗಂಟಿಟ್ಟು ಹೋದರು.

ಇಷ್ಟು ಜನರಲ್ಲಿ ಒಬ್ಬರಿಗಾದರೂ ಮಾನ ಇದೆ. ಅವರ ಅರ್ಜಿ ತೆರೆಸದಿದ್ದರೆ ನಾನು ಅಂಗಡಿ ಮುಚ್ಚಿ ಕುರಿ ಕಾಯುತ್ತೇನೆ.

ಆಗಸ್ಟ್ ೧೪, ಗುರುವಾರ

ಗುರುವಾರದ ಸಂತೆಗೆ ಹೋದೆ. ಹಳೇ ಟೈರು, ಹಳೇ ಷೂ ದಾಟಿ ಹಳೇ ಕಂಪ್ಯೂಟರು ಮಾರುವವನ ಹತ್ತಿರ. ಮೊಬೈಲಿನಲ್ಲಿ ಹಾಳೆ ತೋರಿಸಿದೆ. ಇರುವೆ ಸಾಲು ಓದಿ ನಕ್ಕ.

"ಇದು ಹಳೇ ಥರದ ಫೈಲು. ಬ್ರೌಸರಿಗೆ ಇದನ್ನ ತೋರ್ಸೋಕೆ ಬರಲ್ಲ, ಅದಕ್ಕೇ ಕಾಯಿ ಕಾಯಿ ಅಂತಿದೆ. ನೂರು ವರ್ಷ ಕೂತ್ರೂ ಅಷ್ಟೇ. ಬ್ರೌಸರಲ್ಲಿ ತೆರೀಬೇಡ. ಮೊದ್ಲು ಸೇವ್ ಮಾಡ್ಕೊ, ಆಮೇಲೆ ಅದರದ್ದೇ ಪ್ರೋಗ್ರಾಮು ಹಾಕಿ ತೆರಿ."

ಅಷ್ಟೇ! ಅಷ್ಟಕ್ಕೆ ಒಂದು ವಾರ ಕಲ್ಲುಗಳು ಕ್ಯೂ ನಿಂತಿದ್ದವು.

ಪ್ರೋಗ್ರಾಮು ಎರಡು ಮಷೀನಿಗೆ ಹಾಕಿದೆ. ಸೇವ್ ಮಾಡಿದೆ, ತೆರೆದೆ. ಬಂತು! ಆರು ಪುಟ. ಮೊದಲ ಪುಟದಲ್ಲೇ ಅವರ ಹೆಸರು, ಅಪ್ಪನ ಹೆಸರು, ಅವ್ವನ ಹೆಸರು. ಬೆನಿತಾ ಸ್ಕ್ರೀನು ಮುಟ್ಟಿ ನೋಡಿದರು.

"ನೋಡಿದ್ರಾ? ಕಾದ್ರೆ ಬರುತ್ತೆ ಅಂತ ನಾನು ಹೇಳ್ಲಿಲ್ವಾ?"

ಕೂತು ಎಲ್ಲಾ ತುಂಬಿಸಿದೆವು. ಆರೂ ಪುಟ ಬೆನ್ನಿಗೆ ಕಟ್ಟುವ ಬಟ್ಟೆಯಲ್ಲಿ ಕೂಸಿನ ಹಾಗೆ ಸುತ್ತಿಕೊಂಡು ಹೋದರು.

ಆಗಸ್ಟ್ ೧೫, ಶುಕ್ರವಾರ

ಬರೆಯುವುದಕ್ಕೂ ವಾಕರಿಕೆ.

ಇಬ್ಬರೂ ಹೋದೆವು. ಉರ್ಕಿಯೆತಾ ಮೊದಲ ಸಲ ತಲೆ ಎತ್ತಿದ.

"ಏನಿದು, ಪುಸ್ತಕಾನಾ?"

"ಅರ್ಜಿ ಲಿಸೆನ್ಸಿಯಾದೊ. ನಿಮ್ದೇ ಅರ್ಜಿ."

"ನಂಗೆ ಅರ್ಜಿ ಗೊತ್ತಿಲ್ವಾ? ಇಡೀ ಬೀದಿ ಕೊಟ್ಟಿರೋದು ಒಂದೇ ಹಾಳೆ." ಕಟ್ಟು ಎತ್ತಿ ತೋರಿಸಿದ. ಮೇಲಿನದು, ಅದರ ಕೆಳಗಿನದು, ಅದರ ಕೆಳಗಿನದು… ದಯವಿಟ್ಟು ಕಾಯಿರಿ, ದಯವಿಟ್ಟು ಕಾಯಿರಿ. "ನಿಮ್ದೊಂದೇ ಬೇರೆ ಥರ ಇದೆ. ಇದನ್ನ ತಗೊಂಡು ಆಮೇಲೆ ನಾನು ಉತ್ರ ಕೊಡ್ಲಾ?"

"ಒಂದ್ಸಲ ಓದಿ ಸ್ವಾಮಿ."

"ಓದೋದು ಬೇರೆ ಕಿಟಕಿ. ಇಲ್ಲಿ ಸೀಲು ಮಾತ್ರ. ಎಲ್ರ ಥರ ತನ್ನಿ, ಹೊಡೀತೀನಿ."

ಓಡಿದೆ. ಮೊದಲ ಮಷೀನು — ಆರು ಪುಟ ಚೆಂದವಾಗಿ ತೆರೆಯಿತು. ಎರಡನೆಯದು — ಆರು ಪುಟ. ಬೇಡ ಬೇಡ ಅಂದಾಗ ಬಂದ ಹಾಳೆ ಬೇಕು ಅಂದರೆ ಬರುತ್ತಿಲ್ಲ! ಕೊನೆಗೆ ಆ ಕೆಮ್ಮುವ ಮೂರನೆಯದೇ ಗತಿ. ಅದಕ್ಕೆ ಪ್ರೋಗ್ರಾಮು ಹಾಕಿರಲಿಲ್ಲ. ಕೆಮ್ಮಿ ಕೆಮ್ಮಿ ತೋರಿಸಿತು, ದಯವಿಟ್ಟು ಕಾಯಿರಿ. ಪ್ರಿಂಟು ಕಿತ್ತುಕೊಂಡು ಓಡಿ ಬಂದೆ.

ಕಿಟಕಿ ಮುಚ್ಚಿತ್ತು. ಗಾಜಿನ ಹಿಂದೆ ಉರ್ಕಿಯೆತಾ ಮಾಂಸದ ಕಡುಬು ತಿನ್ನುತ್ತಿದ್ದ. ರಸ ಗಲ್ಲಕ್ಕೆ ಇಳಿಯುತ್ತಿತ್ತು.

"ಸೋಮವಾರ ಬನ್ನಿ."

"ಕೊನೇ ದಿನ ಇವತ್ತೇ ಅಲ್ವಾ?"

"ಹೌದಲ್ವಾ. ಹಾಗಾದ್ರೆ ಬರ್ಬೇಡಿ."

ಬೆನಿತಾ ಆರು ಪುಟ ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಬೈಯಲಿಲ್ಲ. ನನಗೆ ಒಂದಾದರೂ ಜೋಕು ನೆನಪಾಗಲಿಲ್ಲ.

ಸೆಪ್ಟೆಂಬರ್ ೫, ಶುಕ್ರವಾರ

ಪೂಜೆ ಮಾಡಲಿಲ್ಲ. ಮಷೀನುಗಳಿಗೆ ಸಾರಾಯಿ ಇಲ್ಲ, ಒಣಗಲಿ.

ಅಸುಂತಾ ಎಳೆದುಕೊಂಡು ಹೋಗಿ ಗೋಡೆ ತೋರಿಸಿದಳು. ಜಾಗ ಸಿಕ್ಕವರ ಹೆಸರು ಅಂಟಿಸಿದ್ದಾರೆ. ಸೀಲಿದ್ದವರೆಲ್ಲ ಇದ್ದಾರೆ. ಬೆನಿತಾ ಇಲ್ಲ. ಬಾಗಿಲ ಪಕ್ಕದ ಮೂಲೆ ಅಂಗಡಿ, ಎಲ್ಲಕ್ಕಿಂತ ಒಳ್ಳೆಯದು, ಆಪಿ — ಸೆವೆರೊ ಕಿಸ್ಬೆರ್ತ್.

ನಾನು! ನೀರು ಕುದಿಸಿದರೂ ಸೀಯಿಸುವವನು.

ಮೈಯೆಲ್ಲ ಗಲೀಜು ಮೆತ್ತಿಕೊಂಡ ಹಾಗಾಯಿತು. ಬೆನಿತಾರಿಗೆ ಹೋಗಿ ಹೇಳಿದೆ. ತುಂಬಾ ಹೊತ್ತು ಗ್ಲಾಸು ತೊಳೆದರು. ತೊಳೆದದ್ದನ್ನೇ ತೊಳೆದರು.

"ನಿಮ್ಗೆ ಆಪಿ ಮಾಡೋಕೆ ಬರುತ್ತಾ?"

"ಕುಡಿಯೋಕೆ ಬರುತ್ತೆ."

"ಅಂಗಡಿ ಬೇರೆಯವ್ರ ಹೆಸ್ರಿಗೆ ಬರ್ಕೊಡೋ ಹಾಗಿಲ್ಲ, ಅಸುಂತಾ ಕೇಳಿ ಬಂದ್ಳು. ಮಾಲೀಕನೇ ಕೈಯಾರೆ ಮಾಡ್ಬೇಕಂತೆ, ನೋಡೋಕೆ ಬರ್ತಾರಂತೆ. ಆಳು ಇಟ್ಕೋಬಹುದು."

"ಹಾಗಂದ್ರೆ?"

"ಹಾಗಂದ್ರೆ ನಾಳೆಯಿಂದ ನೀವು ಬೇಗ ಏಳ್ಬೇಕು, ಧಣಿ."

ಸೆಪ್ಟೆಂಬರ್ ೧೫, ಸೋಮವಾರ, ಬೆಳಗಿನ ಆರು

ಹೊಸ ಮಾರ್ಕೆಟ್ಟು. ಬೆನಿತಾರ ಪಾತ್ರೆ, ಬೆನಿತಾರ ಒಲೆ, ನನ್ನ ಏಪ್ರನ್. ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಪೆನ್ನು. ಗಿರಾಕಿಗಳಿಗೆ ಇದೇ ಮನರಂಜನೆ.

ನೋಡಲು ಬಂದವನು ಯಾರು? ಉರ್ಕಿಯೆತಾ. ಸ್ವೆಟರಿನ ಮೇಲೆ ಹಳೇ ಕಡುಬಿನ ಕಲೆ. ಇವತ್ತೇ ನನ್ನ ಅರ್ಜಿ ಓದಬೇಕಂತೆ.

"ಆಪಿ ಎಷ್ಟು ವರ್ಷದಿಂದ ಮಾಡ್ತಿದ್ದೀರಿ ಅಂತ ಅರ್ಜೀಲಿ ಬರ್ದಿರ್ತೀರಲ್ಲ. ತಾಳಿ, ತೆರೀತೀನಿ."

ಟ್ಯಾಬ್ಲೆಟ್ ತೆಗೆದ. ಬೆರಳು ಒತ್ತಿದ. ಕತ್ತು ಚಾಚಿ ನಾನೂ ನೋಡಿದೆ. ಬಿಳಿ ಹಾಳೆ. ಮೇಲೊಂದು ಸಾಲು.

"ಬರುತ್ತೆ" ಅಂದ. "ಕಾಯ್ಬೇಕು."

ಕಾಯುತ್ತಿದ್ದಾನೆ. ಕಾಲು ಬದಲಿಸಿ ಬದಲಿಸಿ ನಿಂತಿದ್ದಾನೆ. ಮೂಗು ಸೋರುತ್ತಿದೆ, ಒರೆಸಿಕೊಳ್ಳುತ್ತಿಲ್ಲ, ಕಣ್ಣು ಸ್ಕ್ರೀನಿನ ಮೇಲೇ. ಬೆನಿತಾ ಒಂದು ಗ್ಲಾಸು ಅವನ ಮುಂದೆ ಇಟ್ಟರು. "ಕುಡೀರಿ ಲಿಸೆನ್ಸಿಯಾದೊ. ಕಾದ್ರೆ ಬರುತ್ತೆ. ನಂಗೂ ಬಂದಿತ್ತು." ಮುಖದಲ್ಲಿ ನಗುವಿಲ್ಲ, ಕಣ್ಣಲ್ಲಿ ಮಾತ್ರ… ಅವನಿಗೆ ಸೇವ್ ಮಾಡೋ ವಿಷಯ ಹೇಳೋಣವೇ ಅಂತ ನೋಡಿದೆ. ಬಾಯಿ ತೆರೆಯುವಷ್ಟರಲ್ಲಿ ಬೆನಿತಾ ಕಾಲು ತುಳಿದರು. ಈಗ ನನ್ನ ಮೇಲೇ ಕೂಗುತ್ತಿದ್ದಾರೆ, ಬರೆಯೋದು ಸಾಕು ಧಣಿ, ಕೈಯಾಡಿಸಿ, ತಳ ಹಿಡೀ…