ಸ್ಕ್ರೂಡ್ರೈವರ್ ಮುಟ್ಟದ ರಿಪೇರಿ

ಪ್ರೀತಿಯ ಅಪ್ಪನಿಗೆ,

ನಮ್ಮ ಕ್ಲಿನಿಕ್ಕಿನ ಹಳೇ ಲ್ಯಾಪ್‌ಟಾಪ್ ಆಮೆಯಂತಾಗಿತ್ತು. "ವಯಸ್ಸಾಯ್ತು, ಗುಜರಿಗೆ ಹಾಕು" ಅಂದರು ಹಲ್ಲಿನ ಡಾಕ್ಟರಮ್ಮ. "ಹುಳುಕು ಹಲ್ಲನ್ನೇ ಉಳಿಸೋ ನೀವು ಹೀಗಂದ್ರೆ ಹೇಗೆ?" ಅಂದೆ. ರೇಡಿಯೊ ಬಿಚ್ಚುವ ಮೊದಲು ನೀವು ಕೇಳುವ ಪ್ರಶ್ನೆಯನ್ನೇ ಕೇಳಿದೆ: "ಯಾವಾಗಿಂದ ಹೀಗೆ?"

ವೈಫೈಗೆಂದು ಹೊಸ ಪ್ರೋಗ್ರಾಂ ಹಾಕಿಸಿದ ದಿನದಿಂದಂತೆ. ನೀವು ರೇಡಿಯೊದ ಒಂದೊಂದೇ ಭಾಗ ನೋಡುವ ಹಾಗೆ, ಒಂದೊಂದೇ ಪ್ರೋಗ್ರಾಂ ನಿಲ್ಲಿಸುತ್ತ ಬಂದೆ. ಆ ಹೊಸದನ್ನು ನಿಲ್ಲಿಸಿದ್ದೇ ತಡ, ಲ್ಯಾಪ್‌ಟಾಪ್ ಚುರುಕಾಯಿತು! ವೈಫೈ ಹಿಡಿಯುವುದು ಲ್ಯಾಪ್‌ಟಾಪಿಗೆ ಮೊದಲೇ ಗೊತ್ತಿತ್ತು. ಈ ಪ್ರೋಗ್ರಾಂ ಸುಮ್ಮನೆ ಕ್ಷಣಕ್ಷಣಕ್ಕೂ ಸಿಗ್ನಲ್ ಹುಡುಕುತ್ತ ಅದರ ಜೀವ ಹಿಂಡುತ್ತಿತ್ತು. ಕಿತ್ತು ಹಾಕಿದೆ.

"ಯಾವ ಕಾಲೇಜಲ್ಲಿ ಕಲಿತೆ?" ಅಂದರು ಡಾಕ್ಟರಮ್ಮ.

"ನಮ್ಮಪ್ಪನ ಅಂಗಡೀಲಿ, ಸ್ಟೂಲ್ ಮೇಲೆ ಕೂತು" ಅಂದೆ.

ನಿಮ್ಮ ವಿದ್ಯೆ ನಿಮಗೇ ಕೊನೆಯಾಯಿತೆಂದು ಅಂಗಡಿ ಮುಚ್ಚಲು ಹೊರಟಿದ್ದೀರಂತೆ, ಅಮ್ಮ ಹೇಳಿದಳು. ಭಾನುವಾರ ಬರುತ್ತೇನೆ. ಅಲ್ಲಿಯವರೆಗೆ ಬೋರ್ಡು ಇಳಿಸಬೇಡಿ. 'ರೇಡಿಯೊ ರಿಪೇರಿ' ಅನ್ನುವುದರ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ಬಣ್ಣ, ಕುಂಚ ನಾನೇ ತರುತ್ತೇನೆ. ನೀವು ಆ ಸ್ಟೂಲು ಒರೆಸಿಟ್ಟರೆ ಸಾಕು.

ಇಂತಿ,
ನಿಮ್ಮ ಅಂಗಡಿಯ ಎರಡನೇ ಮೆಕ್ಯಾನಿಕ್