ಹಿಂದ್ ಎಂಬವಳ ಪ್ರಶ್ನೆ

ಸಮರ್ಕಂದ್,
ರಜಬ್ ತಿಂಗಳ ಶುಕ್ರವಾರ

ಪ್ರೀತಿಯ ತುರ್ಕಾನ್ ಅಕ್ಕ,

ಬುಖಾರಾದಲ್ಲಿ ಜೀನು ಹೊಲಿಯುವ ಆ ಬಹ್ರಾಮ್ ಇನ್ನೂ ನಿನ್ನನ್ನು ಮದುವೆಗೆ ಕೇಳುತ್ತಿದ್ದಾನೆಯೇ? ಇಲ್ಲ ಎಂದು ಹೇಳುವ ಮೊದಲು ಇದನ್ನು ಓದು.

ಭಾವ ಕಾಶ್ಗರದ ದಾರಿಯಲ್ಲಿ ಕಾಣೆಯಾಗಿ ಐದು ವರ್ಷವಾದರೂ ಊರಿಗೆಲ್ಲ ಧರ್ಮದ ತೀರ್ಪು ಹೇಳುವ ಅಪ್ಪನನ್ನು ನೀನು ಏನೂ ಕೇಳಲಿಲ್ಲ. ಅವರ ಗ್ರಂಥದಲ್ಲೇ ಇದೆಯಲ್ಲ: ಕಾಣೆಯಾದವನ ಓರಗೆಯವರೆಲ್ಲ ಸಾಯುವವರೆಗೆ ಹೆಂಡತಿ ಕಾಯಬೇಕು. ಅವರು ಹೇಳುತ್ತಿದ್ದಾಗ ಅದನ್ನು ಬರೆದುಕೊಂಡವಳು ನಾನೇ. ಆದರೂ ನಿನ್ನ ಪ್ರಶ್ನೆ ಹೆಸರಿಲ್ಲದೆ ಅವರ ಮುಂದೆ ಬಂದರೆ ಏನನ್ನುತ್ತಾರೆ ಎಂಬ ಕುತೂಹಲ ತಡೆಯಲಾಗಲಿಲ್ಲ. ತೀರ್ಪು ಕೇಳುವ ಚೀಟಿಯಲ್ಲಿ ನಿಜ ಹೆಸರು ಬರೆಯುವ ರೂಢಿಯಿಲ್ಲವಲ್ಲ, ಗಂಡಸರೆಲ್ಲ ಜೈದ್, ಹೆಂಗಸರೆಲ್ಲ ಹಿಂದ್. ಹಾಗೆಯೇ ಬರೆದು ಊರವರ ಚೀಟಿಗಳ ನಡುವೆ ಸೇರಿಸಿದೆ.

ಅಪ್ಪ ಓದಿದರು. ಮತ್ತೆ ಓದಿದರು. "ಈ ಹಿಂದ್‌ಗೆ ಒಬ್ಳು ತಂಗಿ ಇದ್ದಾಳೇನಮ್ಮ?" ಎಂದರು.

ಗಂಡ ಹೊರಡುವಾಗ ಒಣದ್ರಾಕ್ಷಿಯ ಚೀಲವನ್ನು ಮರೆತು ಹೋದ ಎಂದೂ ಬರೆದುಬಿಟ್ಟಿದ್ದೆ. ಆ ಚೀಲ ಇನ್ನೂ ನಮ್ಮ ಗೋಡೆಯ ಗೂಟದಲ್ಲೇ ನೇತಾಡುತ್ತಿದೆ.

ಬೈಯುತ್ತಾರೆಂದುಕೊಂಡೆ. ಅವರು ಬೇರೆ ಪಂಥದವರ ಗ್ರಂಥ ತರಿಸಿ ಓದತೊಡಗಿದರು. ಅದರಲ್ಲಿ ಕಾಯಬೇಕಾದದ್ದು ನಾಲ್ಕೇ ವರ್ಷ. ಇದು ನಿಮಗೆ ಗೊತ್ತಿರಲಿಲ್ಲವೇ ಎಂದೆ.

"ಗೊತ್ತಿತ್ತು. ಬೇಕಾಗಿರ್ಲಿಲ್ಲ."

ಗ್ರಂಥ ಮುಚ್ಚಿಟ್ಟು ಅವರೇ ಮುಂದುವರಿಸಿದರು: "ಮಗಳಿಗೊಂದು, ಊರಿಗೊಂದು ಹೇಳೋಕಾಗಲ್ಲ. ನಾನು 'ಕಾಯ್ತಿರು' ಅಂದವರಿಗೆಲ್ಲ ಮೊದ್ಲು ಹೇಳ್ಬೇಕು. ನಿಮ್ಮಕ್ಕಂದು ಕೊನೇಲಿ."

ಹಿಂದೆಂದೋ ಅಪ್ಪನಿಂದ ಕಾಯಲು ಹೇಳಿಸಿಕೊಂಡಿದ್ದ, ರೊಟ್ಟಿ ಸುಡುವ ಆಯ್‌ಗುಲ್ ಅಜ್ಜಿಯ ಮನೆಗೆ ನಾನೂ ಜೊತೆಗೆ ಹೋಗಿದ್ದೆ. ಅಪ್ಪ ಹೇಳಿ ಮುಗಿಸಿದಾಗ ಅವಳು ತಂದೂರಿನಿಂದ ತಲೆ ಎತ್ತಿ ನಕ್ಕಳು. "ಹಲ್ಲಿದ್ದಾಗ ಉಪವಾಸ ಕೆಡವಿ, ಈಗ ಮದುವೆ ಊಟಕ್ಕೆ ಎಬ್ಬಿಸ್ತೀರಲ್ಲ ಗುರುಗಳೇ!"

ಅವಳು ಕೊಟ್ಟ ಬಿಸಿ ರೊಟ್ಟಿಯನ್ನು ಅಪ್ಪ ಮನೆಯವರೆಗೂ ಕೈಯಲ್ಲೇ ಹಿಡಿದು ತಂದರು, ತಿನ್ನಲಿಲ್ಲ.

ಮರುದಿನ ಆ ಅಧ್ಯಾಯವನ್ನು ಹೊಸದಾಗಿ ಬರೆಸಿದರು. ಹಳೆಯ ಹಾಳೆಗಳನ್ನು ತೆಗೆಯಹೋದೆ, ಬಿಡಲಿಲ್ಲ. "ಅದೂ ಇರ್ಲಿ. ಮೊದ್ಲು ಏನಂದಿದ್ದೆ ಅಂತ ಓದೋರಿಗೆ ಗೊತ್ತಾಗ್ಲಿ."

ಈಗ ನಿನ್ನ ಸರದಿ ಬಂದಿದೆ. ಉತ್ತರವನ್ನು ಇದರೊಳಗೆ ಇಟ್ಟಿದ್ದೇನೆ. ನಮ್ಮ ಮನೆಯ ವಾಡಿಕೆಯಂತೆ ಅಪ್ಪನ ಸಹಿಯ ಕೆಳಗೆ ನನ್ನದೂ ಇದೆ. ಬಹ್ರಾಮ್‌ಗೆ ಏನು ಹೇಳುವುದೆಂಬುದು ಇನ್ನು ನಿನ್ನಿಷ್ಟ.

ನಿನ್ನ ತಂಗಿ,
ಗುಲಂದಾಮ್

ತಾ.ಕ.: ಉಳಿದವರ ಉತ್ತರಗಳಲ್ಲೆಲ್ಲ ಅಪ್ಪ ಹಿಂದ್ ಎಂದೇ ಬರೆದರು. ನಿನ್ನದರಲ್ಲಿ ಮಾತ್ರ "ನನ್ನ ಮಗಳು ತುರ್ಕಾನ್" ಎಂದಿದೆ. ರೂಢಿ ತಪ್ಪಿತಲ್ಲ ಎಂದು ತೋರಿಸಿದೆ. "ತಪ್ಲಿ ಬಿಡಮ್ಮ," ಎಂದು ಮಡಿಸಿ ಕೊಟ್ಟರು.